ಮೊದಲು ಮಾರ್ಕ: ಮನೆಕೂಟದಲ್ಲಿ ಸತ್ಯವೇದ ಓದುವ ಬಗೆ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಸಭೆಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಂದು, ದೇವರ ವಾಗ್ದಾನದ ಒಂದೊಂದು ವಚನ ಬರೆದು ತಟ್ಟೆಯಲ್ಲಿಟ್ಟ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಳ್ಳುವುದು. ಇನ್ನೊಂದು, ಈ ವರ್ಷವಾದರೂ ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬೇಕು ಎಂದು ನಿಶ್ಚಯಿಸುವುದು. ಕಾರ್ಡು ಫ್ರಿಜ್ಜಿನ ಬಾಗಿಲ ಮೇಲೆ ವರ್ಷಪೂರ್ತಿ ಉಳಿಯುತ್ತದೆ. ಓದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಕ್ಯಾಲೆಂಡರ್ ನೋಡಿಯೇ ಹೇಳಬಹುದು.

66 ಪುಸ್ತಕ, 1189 ಅಧ್ಯಾಯ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು ಅಧ್ಯಾಯ, ಆಗಾಗ ಒಂದು ಹೆಚ್ಚಿಗೆ. ದಿನಕ್ಕೆ ಮೂರರಂತೆಯೇ ಹಿಡಿದರೂ ಆದಿಕಾಂಡದ 50 ಅಧ್ಯಾಯ ಜನವರಿ 17ಕ್ಕೆ ಮುಗಿಯುತ್ತದೆ. ಅಬ್ರಹಾಮ, ಯಾಕೋಬ, ಯೋಸೇಫರ ಕಥೆ ತಾನೇ ಎಳೆದುಕೊಂಡು ಹೋಗುತ್ತದೆ. ವಿಮೋಚನಕಾಂಡದಲ್ಲೂ ಫರೋಹ, ಸಮುದ್ರ, ಸೀನಾಯಿ ಬೆಟ್ಟ ದಾಟುವವರೆಗೆ ತೊಂದರೆಯಿಲ್ಲ. ಜನವರಿ 25ರಂದು 25ನೆಯ ಅಧ್ಯಾಯ ಬರುತ್ತದೆ, ಆರಾಧನೆಯ ಗುಡಾರದ ಅಳತೆಗಳು ಶುರುವಾಗುತ್ತವೆ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲದ ಮಂಜೂಷ, ಮೇಜು, ದೀಪಸ್ತಂಭ, ಪರದೆ, ಕೊಂಡಿ. 31ಕ್ಕೆ ಯಾಜಕಕಾಂಡ ಶುರು. ಫೆಬ್ರವರಿ ಮೊದಲ ವಾರದಲ್ಲಿ ಕುಷ್ಠದ ಗುರುತುಗಳನ್ನು ಪರೀಕ್ಷಿಸುವ ನಿಯಮಗಳಿಗೆ ಬರುವ ಹೊತ್ತಿಗೆ ಹತ್ತರಲ್ಲಿ ಎಂಟು ಮಂದಿ ಕೈಬಿಟ್ಟಿರುತ್ತಾರೆ ಅಂದರೆ ನಮ್ಮ ಅಂದಾಜಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಬಿಟ್ಟವರು ಯೋಜನೆ ಸರಿಯಿರಲಿಲ್ಲ ಅಂದುಕೊಳ್ಳುವುದಿಲ್ಲ, ತಮಗೆ ಭಕ್ತಿ ಸಾಲದು ಅಂದುಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಕಾರ್ಡಿನ ವಚನವೇ ಗತಿ.

ನಾಲ್ಕು ಕಡೆಯಿಂದ ಒಟ್ಟಿಗೆ ಓದುವ ಯೋಜನೆಗಳೂ ಇವೆ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗಾಗಿ ಮಾಡಿಕೊಟ್ಟದ್ದು ಇವುಗಳಲ್ಲಿ ಹೆಸರುವಾಸಿ: ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಒಂದೆರಡು ಸಲ ಪೂರ್ತಿ ಓದಿದವರಿಗೆ ಇದು ಚೆನ್ನ. ಹೊಸಬರಿಗೆ ಒಂದೇ ಬೆಳಗ್ಗೆ ನೋಹ, ಎಜ್ರ, ಮತ್ತಾಯ, ಪೌಲ ಎಲ್ಲರೂ ಬಂದು ಕೂತರೆ ಯಾರ ಮಾತೂ ತಲೆಯಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ವಾರಕ್ಕೊಮ್ಮೆ ಮನೆಯಲ್ಲಿ ಸೇರಿ ಓದುವ ನಮ್ಮ ಮನೆಕೂಟಕ್ಕೆ ಹೊಸದಾಗಿ ಬಂದವರಿಗೆ ನಾವು ವರ್ಷದ ಯೋಜನೆ ಕೊಡುವುದೇ ಇಲ್ಲ. ಒಂದು ಪುಸ್ತಕ ಕೊಡುತ್ತೇವೆ, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ. 16 ಅಧ್ಯಾಯ, 678 ವಚನ. ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ಎರಡು ಗಂಟೆಯ ಒಳಗೆ ಮುಗಿಯುತ್ತದೆ. ಮೊದಲ ಕೆಲಸ ಅದೇ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು, ಅಧ್ಯಾಯಕ್ಕೊಬ್ಬರಂತೆ ಸರದಿಯಲ್ಲಿ, ನಡುವೆ ವಿವರಣೆಯಿಲ್ಲದೆ, ಕೊನೆಯವರೆಗೆ ಓದಿಬಿಡುವುದು. ಸಂಡೇ ಸ್ಕೂಲಿನಿಂದ ಯೇಸುವಿನ ಕಥೆಗಳನ್ನು ಬಿಡಿಬಿಡಿಯಾಗಿ ಕೇಳಿಕೊಂಡೇ ಬೆಳೆದವರಿಗೂ ಇಡೀ ಸುವಾರ್ತೆ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುವುದು ಹೊಸ ಅನುಭವ. ಕಥೆ ಎಷ್ಟು ವೇಗವಾಗಿ ಓಡುತ್ತದೆ, ಕೊನೆಯ ಒಂದು ವಾರಕ್ಕೆ ಎಷ್ಟು ಜಾಗ ಕೊಟ್ಟಿದೆ (11ನೆಯ ಅಧ್ಯಾಯದಿಂದ ಮುಂದೆಲ್ಲ ಯೆರೂಸಲೇಮಿನದೇ), ಶಿಷ್ಯರು ಎಷ್ಟು ಸಲ ಎಡವುತ್ತಾರೆ, ಎಲ್ಲ ಯಾರೂ ಹೇಳಿಕೊಡದೆ ಕಾಣುತ್ತದೆ. ಓದಲು ಬಾರದ ಅಜ್ಜಿಯರು ಇದ್ದರೆ ಅವರಿಗೆ ಬೇರೆ ಕೆಲಸ: ಕೇಳಿ, ಆಮೇಲೆ ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ನಾವು ಕಂಡ ಮಟ್ಟಿಗೆ ಕೂಟದಲ್ಲಿ ಹೆಚ್ಚು ನೆನಪಿಟ್ಟುಕೊಳ್ಳುವವರು ಅವರೇ.

ಮನೆಯಲ್ಲಿ ಕೂಡಿ ಓದುವ ಈ ರೂಢಿ ನಮ್ಮದೇ ಹೊಸ ಉಪಾಯವೇನಲ್ಲ. 1670ರಲ್ಲಿ ಫ್ರಾಂಕ್‌ಫರ್ಟಿನ ಲೂಥರನ್ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲಿ ಇಂಥ ಕೂಟ ಆರಂಭಿಸಿದರು. ವೈಯಕ್ತಿಕ ಭಕ್ತಿಗೆ ಒತ್ತು ಕೊಡುವ ಆ ಪಯಟಿಸ್ಟ್ ಪರಂಪರೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಬೇರುಬಿಟ್ಟಿತು. ಬಾಸೆಲ್ ಮಿಷನ್ನಿನ ಹಿಂದೆ ಇದ್ದದ್ದು ಅದೇ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಜೊತೆ ಈ ಪದ್ಧತಿಯೂ ಬಂತು. ಕರಾವಳಿಯಲ್ಲೂ ಧಾರವಾಡದ ಕಡೆಯಲ್ಲೂ ಹಳೆಯ ಕುಟುಂಬಗಳಲ್ಲಿ ಸಂಜೆಯ ಮನೆ ಪ್ರಾರ್ಥನೆ ಇಂದಿಗೂ ಉಳಿದಿದೆ. ಆದರೆ ಹಲವು ಕಡೆ ಅದು ಒಂದು ಹಾಡು, ಅವಸರದ ಒಂದು ಕೀರ್ತನೆ, ಕರ್ತನ ಪ್ರಾರ್ಥನೆ ಅನ್ನುವಷ್ಟಕ್ಕೆ ಇಳಿದಿದೆ.

ಸಾಮಾನು ಬಹಳ ಬೇಕಿಲ್ಲ. ಬೈಬಲ್ ಸೊಸೈಟಿಯ ಸತ್ಯವೇದ, 200 ಪುಟದ ಒಂದು ಗೆರೆ ನೋಟ್‌ಬುಕ್, ಮೂರು ಬಣ್ಣದ ಪೆನ್ಸಿಲ್. ಜೆಲ್ ಪೆನ್ನು, ಹೈಲೈಟರ್ ಬೇಡ. ಸತ್ಯವೇದದ ಕಾಗದ ತೆಳುವಾದ್ದರಿಂದ ಶಾಯಿ ಹಿಂಬದಿಗೆ ಇಳಿದು ಎರಡು ಪುಟ ಹಾಳಾಗುತ್ತದೆ. ಫೋನಿನಲ್ಲಿ ಓದುವವರು ಏರೋಪ್ಲೇನ್ ಮೋಡ್ ಹಾಕಿಕೊಂಡರೆ ಮಾತ್ರ ಓದು ಸಾಗುತ್ತದೆ. ಹಳೆಯ ಅನುವಾದದ ವಾಕ್ಯ ಉದ್ದವಾಗಿ ತೊಡಕಾದಾಗ ಸರಳ ಕನ್ನಡದ ಇನ್ನೊಂದು ಅನುವಾದ ಪಕ್ಕದಲ್ಲಿರುವುದು ಒಳ್ಳೆಯದು, ಆದರೆ ಐದಾರು ಅನುವಾದ ಹರಡಿಕೊಂಡು ಕೂರುವುದು ಓದನ್ನು ತಪ್ಪಿಸಿಕೊಳ್ಳುವ ಸಭ್ಯ ದಾರಿ.

ವಾರದ ಕೂಟಕ್ಕೆ ಇನ್ನೊಂದು ಸಾಮಾನು: ಆ ವಾರದ ಭಾಗವನ್ನು ಎ4 ಹಾಳೆಯಲ್ಲಿ, ಒಂದೇ ಬದಿಗೆ, ಸಾಲುಗಳ ನಡುವೆ ಜಾಗ ಬಿಟ್ಟು, ಬಲಕ್ಕೆ ಮೂರು ಬೆರಳಿನಷ್ಟು ಅಂಚು ಬಿಟ್ಟು ಮುದ್ರಿಸಿ ಕೊಡುತ್ತೇವೆ. ಇದರಲ್ಲಿ ಅಧ್ಯಾಯ ಸಂಖ್ಯೆ, ಉಪಶೀರ್ಷಿಕೆ ಎರಡೂ ಇರುವುದಿಲ್ಲ. ಕಾರಣವಿದೆ. ಉಪಶೀರ್ಷಿಕೆ ಪ್ರಕಾಶಕರು ಸೇರಿಸಿದ್ದು. ಓದುವ ಮೊದಲೇ ಅರ್ಥ ಹೇಳಿಬಿಡುತ್ತದೆ. ಅಧ್ಯಾಯಗಳನ್ನು ಈಗಿನಂತೆ ವಿಂಗಡಿಸಿದ ಕೀರ್ತಿ 13ನೆಯ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್‌ಗೆ ಸಲ್ಲುತ್ತದೆ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಬಂದದ್ದು 1551ರಲ್ಲಿ, ಮುದ್ರಕ ರಾಬರ್ಟ್ ಎತ್ಯೆನ್ ಕೈಯಿಂದ. ಹುಡುಕಲು ಇವು ಬೇಕೇ ಬೇಕು. ಓದುವಾಗ ಮಾತ್ರ ಒಮ್ಮೊಮ್ಮೆ ದಾರಿ ತಪ್ಪಿಸುತ್ತವೆ. ಮಾರ್ಕ 12ರ ಕೊನೆಯಲ್ಲಿ ಬಡ ವಿಧವೆ ಎರಡು ಕಾಸು ಹಾಕುವ ಭಾಗವನ್ನು ಎಲ್ಲರೂ ಕಾಣಿಕೆಯ ಪ್ರಸಂಗದಲ್ಲಿ ಕೇಳಿರುತ್ತಾರೆ. ಸಂಖ್ಯೆಯಿಲ್ಲದ ಹಾಳೆಯಲ್ಲಿ ಓದಿದರೆ ಅದರ ಮೇಲಿನ ವಾಕ್ಯ ಕಣ್ಣಿಗೆ ಹೊಡೆಯುತ್ತದೆ: ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗುತ್ತಾರೆ. ಅದರ ಕೆಳಗಿನದು, ಅಂದರೆ 13ರ ಆರಂಭ: ಈ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ. ನಡುವೆ ಆ ವಿಧವೆ ತನ್ನ ಜೀವನವನ್ನೆಲ್ಲ ಅದೇ ದೇವಾಲಯದ ಪೆಟ್ಟಿಗೆಗೆ ಹಾಕುತ್ತಿದ್ದಾಳೆ. ಅವಳ ಭಕ್ತಿ ಸಣ್ಣದಾಗುವುದಿಲ್ಲ. ಆದರೆ ಯೇಸು ಅಲ್ಲಿ ಕೂತು ನೋಡುತ್ತಿದ್ದದ್ದು ಏನನ್ನು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಕಾಣಿಕೆ ಎಣಿಸುವ ಹಿರಿಯರೂ ಕೂಟದಲ್ಲಿದ್ದರೆ ಆ ಸಂಜೆಯ ಚರ್ಚೆ ಬೇಗ ಮುಗಿಯುವುದಿಲ್ಲ.

ಮನೆಯಲ್ಲಿ ದಿನದ ಓದಿಗೆ 20 ನಿಮಿಷ ಸಾಕು, 15ರಿಂದ 20 ವಚನ. ಎರಡು ನಿಮಿಷ ಸುಮ್ಮನೆ ಕೂತು ಚಿಕ್ಕ ಪ್ರಾರ್ಥನೆ. ಐದು ನಿಮಿಷ ಓದು, ತುಟಿ ಆಡಿಸಿ, ಎರಡು ಸಲ. ಎಂಟು ನಿಮಿಷ ಬರಹ. ಉಳಿದ ಐದು ನಿಮಿಷ, ಬರೆದದ್ದರ ಮೇಲೆಯೇ ಪ್ರಾರ್ಥನೆ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು: ಇಲ್ಲಿ ಏನು ನಡೆಯಿತು, ನನಗೆ ಏನು ಅರ್ಥವಾಗಲಿಲ್ಲ, ಯೇಸು ಎಂಥವನೆಂದು ಇದು ತೋರಿಸುತ್ತದೆ, ನಾನು ಏನು ಮಾಡಬೇಕು. ಎರಡನೆಯ ಸಾಲನ್ನು ಖಾಲಿ ಬಿಡಲು ನಾವು ಒಪ್ಪುವುದಿಲ್ಲ. ಎಲ್ಲ ಅರ್ಥವಾಯಿತು ಅನ್ನುವವರು ಸಾಮಾನ್ಯವಾಗಿ ಓದಿರುವುದಿಲ್ಲ, ಗೊತ್ತಿದ್ದ ಕಥೆಯನ್ನು ನೆನಪಿಸಿಕೊಂಡಿರುತ್ತಾರೆ. ವಾರದ ಕೂಟ ಶುರುವಾಗುವುದೂ ಈ ಅರ್ಥವಾಗದ ಸಾಲುಗಳಿಂದಲೇ.

ಹೊತ್ತು ಯಾವುದಾದರೂ ಆಗಬಹುದು. ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದನೆಂದು ಮಾರ್ಕ 1:35ರಲ್ಲಿದೆ (1ನೆಯ ಅಧ್ಯಾಯ, 35ನೆಯ ವಚನ), ಅದನ್ನು ಹಿಡಿದು ಐದು ಗಂಟೆಗೆ ಏಳದವರನ್ನು ಗದರಿಸುವ ಬೋಧಕರೂ ಇದ್ದಾರೆ. ಅದರ ಹಿಂದಿನ ಸಂಜೆ ಆತ ರೋಗಿಗಳ ನಡುವೆ ಇದ್ದ, ಬೆಳಿಗ್ಗೆ ಎಲ್ಲರೂ ಹುಡುಕಿಕೊಂಡು ಬಂದರು. ಒಬ್ಬನೇ ಇರಲು ಸಿಕ್ಕ ಹೊತ್ತು ಅದು. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಕೈಗೂಸಿನ ತಾಯಿಗೆ ಆ ಹೊತ್ತು ಮಧ್ಯಾಹ್ನ ಎರಡು ಗಂಟೆಯಾಗಿರಬಹುದು. ಮುಖ್ಯವಾದದ್ದು ದಿನವೂ ಅದೇ ಹೊತ್ತು, ಅದೇ ಜಾಗ.

ತಪ್ಪಿಹೋದ ದಿನಗಳ ಬಗ್ಗೆ ಒಂದೇ ನಿಯಮ: ಹಿಂದಿನದನ್ನು ಕೂಡಿಸಿ ಓದಬೇಡಿ. ಮೂರು ದಿನ ತಪ್ಪಿದರೆ ನಾಲ್ಕನೆಯ ದಿನ ಆ ದಿನದ ಭಾಗವನ್ನೇ ಓದಿ. ಬಾಕಿ ತೀರಿಸಲು ಹೊರಟವರ ಓದು ಸಾಲದ ಕಂತಿನ ಹಾಗಾಗಿ, ಕೊನೆಗೆ ಪುಸ್ತಕದ ಮುಖ ನೋಡಲೂ ಭಯವಾಗುತ್ತದೆ.

ಕೂಟದಲ್ಲಿ ಆರರಿಂದ ಹತ್ತು ಜನ, ಒಟ್ಟು ಒಂದೂವರೆ ಗಂಟೆ. ಹಾಡು, ಪ್ರಾರ್ಥನೆಗೆ ಹತ್ತು ನಿಮಿಷ. ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ ಬಣ್ಣ ಹಚ್ಚಲು 20 ನಿಮಿಷ: ಯೇಸು ಹೇಳಿದ್ದು ಮಾಡಿದ್ದಕ್ಕೆ ಕೆಂಪು, ಜನರ ಪ್ರತಿಕ್ರಿಯೆಗೆ ನೀಲಿ, ಸ್ಥಳ ಮತ್ತು ಹೊತ್ತಿಗೆ ಹಸಿರು. ಚರ್ಚೆಗೆ 35. ಈ ವಾರ ಏನು ಮಾಡುತ್ತೇವೆ ಅನ್ನುವುದಕ್ಕೆ ಹತ್ತು, ಪ್ರಾರ್ಥನೆಗೆ 15. ವಾರಕ್ಕೊಂದು ಅಧ್ಯಾಯ ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ. 14ನೆಯ ಅಧ್ಯಾಯದಲ್ಲಿ 72 ವಚನಗಳಿವೆ, ಅದನ್ನು ಮೂರು ಮಾಡುತ್ತೇವೆ: 31ರವರೆಗೆ, 52ರವರೆಗೆ, ಕೊನೆಯವರೆಗೆ. 4, 5, 6ನೆಯ ಅಧ್ಯಾಯಗಳನ್ನೂ ಎರಡೆರಡಾಗಿ ಒಡೆಯಬೇಕು. ಹೀಗೆ ಮಾರ್ಕನೊಂದಿಗೇ ಐದಾರು ತಿಂಗಳು ಹಿಡಿಯುತ್ತದೆ. ಅವಸರ ಮಾಡುವುದಿಲ್ಲ.

ಬಣ್ಣ ಹಚ್ಚಿದರೆ ಏನು ಸಿಗುತ್ತದೆ ಅನ್ನುವುದಕ್ಕೆ 8:22ರಿಂದ 10:52ರವರೆಗಿನ ಭಾಗ ನೋಡಿ. ಬೇತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಕರೆತರುತ್ತಾರೆ. ಯೇಸು ಅವನ ಕೈಹಿಡಿದು ಊರ ಹೊರಗೆ ಕರೆದೊಯ್ದು, ಕಣ್ಣಿಗೆ ಉಗುಳಿ, ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಅನ್ನುತ್ತಾನೆ. ಯೇಸು ಮತ್ತೆ ಕೈಯಿಡುತ್ತಾನೆ, ಎಲ್ಲ ಸ್ಪಷ್ಟವಾಗುತ್ತದೆ. ಪ್ರತಿ ಕೂಟದಲ್ಲೂ ಇಲ್ಲಿ ಒಂದೇ ಪ್ರಶ್ನೆ ಬರುತ್ತದೆ: "ಬ್ರದರ್, ಮೊದಲನೇ ಸಲ ಯಾಕೆ ಪೂರ್ತಿ ವಾಸಿಯಾಗಲಿಲ್ಲ? ಅವನ ನಂಬಿಕೆ ಕಡಿಮೆ ಇತ್ತಾ?" ಭಾಗದಲ್ಲಿ ಅವನ ನಂಬಿಕೆಯ ಮಾತೇ ಇಲ್ಲ. ಈ ಪ್ರಶ್ನೆಗೆ ನಾವು ಉತ್ತರ ಕೊಡುವುದಿಲ್ಲ, ಹಾಳೆಯಲ್ಲಿ ಇದರ ಮೇಲೂ ಕೆಳಗೂ ನೋಡಿ ಅನ್ನುತ್ತೇವೆ.

ಮೇಲೆ, 8:18ರಲ್ಲಿ, ಕಣ್ಣಿದ್ದೂ ಕಾಣುವುದಿಲ್ಲವೇ ಎಂದು ಯೇಸು ಶಿಷ್ಯರನ್ನು ಕೇಳಿದ್ದಾನೆ. ಕೆಳಗೆ, 8:29ರಲ್ಲಿ, ನೀನು ಕ್ರಿಸ್ತನು ಎಂದು ಪೇತ್ರ ಸರಿಯಾಗಿಯೇ ಹೇಳುತ್ತಾನೆ. ಆದರೆ ಕ್ರಿಸ್ತನು ಬಾಧೆಪಟ್ಟು ಸಾಯಬೇಕು ಎಂದೊಡನೆ ಅದೇ ಪೇತ್ರ ಆತನನ್ನು ಗದರಿಸುತ್ತಾನೆ. ಪೇತ್ರನಿಗೂ ಕಾಣುತ್ತಿದೆ, ಅರ್ಧ. ಇಷ್ಟು ಸಿಕ್ಕ ಮೇಲೆ ಕೂಟ ತಾನೇ ಮುಂದೆ ಹುಡುಕುತ್ತದೆ. ಯೇಸು ತನ್ನ ಮರಣದ ಬಗ್ಗೆ ಮೂರು ಸಲ ಹೇಳುತ್ತಾನೆ: 8:31, 9:31, 10:33. ಮೂರು ಸಲವೂ ತಕ್ಷಣ ಶಿಷ್ಯರು ತಪ್ಪುತ್ತಾರೆ. ಮೊದಲ ಸಲ ಪೇತ್ರನ ಗದರಿಕೆ, ಎರಡನೆಯ ಸಲ ನಮ್ಮಲ್ಲಿ ಯಾರು ದೊಡ್ಡವನು ಎಂಬ ವಾದ, ಮೂರನೆಯ ಸಲ ಯಾಕೋಬ ಯೋಹಾನರು ಬಲಕ್ಕೂ ಎಡಕ್ಕೂ ಕೂರುವ ಜಾಗ ಕೇಳುವುದು. ಆಮೇಲೆ ಯೆರಿಕೋವಿನ ಹತ್ತಿರ ಇನ್ನೊಬ್ಬ ಕುರುಡ, ಬಾರ್ತಿಮಾಯ. ಕೆಂಪು ಗೆರೆ ಎಳೆದವರಿಗೆ ಇಲ್ಲಿ ಒಂದು ವಾಕ್ಯ ಎರಡು ಸಲ ಸಿಗುತ್ತದೆ. ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂದು ಬಾರ್ತಿಮಾಯನನ್ನು ಕೇಳುವ ಪ್ರಶ್ನೆಯನ್ನೇ 10:36ರಲ್ಲಿ ಯಾಕೋಬ ಯೋಹಾನರಿಗೂ ಕೇಳಿದ್ದಾನೆ. ಅವರು ಸಿಂಹಾಸನ ಕೇಳಿದರು, ಇವನು ಕಣ್ಣು ಕೇಳಿದ. ಇವನು ಎದ್ದು ದಾರಿಯಲ್ಲಿ ಆತನನ್ನು ಹಿಂಬಾಲಿಸಿದ. ಆ ದಾರಿ ಯೆರೂಸಲೇಮಿಗೆ, ಶಿಲುಬೆಗೆ.

ಇದನ್ನು ಬೋಧಕರು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಕೂಟ ಮೂರ್ನಾಲ್ಕು ವಾರ ತೆಗೆದುಕೊಂಡು ತಾನೇ ಕಂಡುಕೊಂಡರೆ ಆಗುವ ಫಲ ಬೇರೆ. ನಾನು ಯೇಸುವಿನ ಹತ್ತಿರ ಏನು ಕೇಳುತ್ತಿದ್ದೇನೆ ಎಂದು ಯಾರೂ ಒತ್ತಾಯಿಸದೆ ಜನ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಪ್ರಾರ್ಥನೆ ಬದಲಾಗುವುದು ಕಿವಿಗೇ ಗೊತ್ತಾಗುತ್ತದೆ. ಪ್ರಮೋಷನ್ನು, ಸೈಟು, ವೀಸಾಗಳ ನಡುವೆ, ನನಗೆ ಕಾಣದಿರುವುದನ್ನು ಕಾಣಿಸು ಅನ್ನುವ ಮಾತು ಬರತೊಡಗುತ್ತದೆ.

ಕೂಟ ಕೆಡುವ ಬಗೆಗಳೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ನಡೆಸುವವರು ಪ್ರಸಂಗ ಶುರುಮಾಡುವುದು ಮೊದಲನೆಯದು. ಅವರ ಮಾತು ಮೂರು ನಿಮಿಷ ದಾಟಿದರೆ ಉಳಿದವರು ಪೆನ್ಸಿಲ್ ಕೆಳಗಿಡುತ್ತಾರೆ, ಅದನ್ನೇ ಗಡಿಯಾರವಾಗಿ ಇಟ್ಟುಕೊಳ್ಳಬಹುದು. ಎರಡನೆಯದು ವಚನದಿಂದ ವಚನಕ್ಕೆ ಜಿಗಿಯುವುದು: ಮಾರ್ಕ ಓದುತ್ತಿರುವಾಗ ಒಬ್ಬರು ದಾನಿಯೇಲಕ್ಕೆ, ಇನ್ನೊಬ್ಬರು ಪ್ರಕಟನೆಗೆ ಹೋಗುತ್ತಾರೆ, ಅರ್ಧ ಗಂಟೆಯಲ್ಲಿ ಕೂಟ ಅಂತ್ಯಕಾಲದ ಲೆಕ್ಕಾಚಾರದಲ್ಲಿರುತ್ತದೆ. ಚರ್ಚೆಯ ಮೊದಲ 25 ನಿಮಿಷ ಹಾಳೆಯ ಹೊರಗೆ ಹೋಗುವಂತಿಲ್ಲ ಎಂದು ಮೊದಲೇ ಹೇಳಿಡಬೇಕು. ಒಬ್ಬರೇ ಮಾತಾಡುವ ಕಡೆ ಪ್ರಶ್ನೆಯನ್ನು ಹೆಸರು ಹಿಡಿದು ಕೇಳಬೇಕು: "ಮೇರಿ ಆಂಟಿ, ನೀವು ಇಲ್ಲಿ ನೀಲಿ ಎಲ್ಲಿ ಹಚ್ಚಿದ್ರಿ?" ಉತ್ತರ ಗೊತ್ತಿರಬೇಕಾದ ಪ್ರಶ್ನೆಯಲ್ಲ ಇದು, ಹಾಳೆ ನೋಡಿ ಹೇಳುವುದು, ಅದಕ್ಕೆ ಯಾರೂ ಹೆದರುವುದಿಲ್ಲ.

ಇನ್ನೆರಡು ತೊಂದರೆಗಳು ಓದಿನ ಆಚೆಯವು, ಆದರೆ ಕೂಟವನ್ನು ಮುರಿಯುವುದು ಹೆಚ್ಚಾಗಿ ಅವೇ. ಪ್ರಾರ್ಥನಾ ವಿಷಯ ಹೇಳುವ ನೆಪದಲ್ಲಿ ಬೇರೆಯವರ ಮನೆಯ ಸುದ್ದಿ ಹೊರಬರುವುದು ಒಂದು. "ಅವರ ಸೊಸೆಗೋಸ್ಕರ ಪ್ರಾರ್ಥನೆ ಮಾಡಿ, ಯಾಕೆ ಅಂತ ಹೇಳಬಾರದು" ಅಂದರೆ ಹೇಳಿದ ಹಾಗೆಯೇ. ತನ್ನ ವಿಷಯ ಮಾತ್ರ ಹೇಳಬೇಕು ಅನ್ನುವ ನಿಯಮ ಬಿಗಿಯಾಗಿರಲಿ. ಇನ್ನೊಂದು ತಿಂಡಿ. ಮೊದಲ ಮನೆಯಲ್ಲಿ ಕಾಫಿ, ಎರಡನೆಯದರಲ್ಲಿ ಕಾಫಿ ಜೊತೆ ಬೋಂಡ, ನಾಲ್ಕನೆಯ ಮನೆ ಬರುವ ಹೊತ್ತಿಗೆ ಕೇಸರಿಬಾತು, ಪಲಾವು. ಐದನೆಯ ಮನೆಯವರು ಕೂಟ ಕರೆಯುವುದನ್ನೇ ಬಿಡುತ್ತಾರೆ. ಕಾಫಿ, ಬಿಸ್ಕತ್ತು, ಅದಕ್ಕಿಂತ ಹೆಚ್ಚಿಲ್ಲ ಎಂದು ಮೊದಲ ವಾರವೇ ಎಲ್ಲರೆದುರು ಹೇಳಿಬಿಡುವುದು ಒಳ್ಳೆಯದು.

ನೋಟ್‌ಬುಕ್ಕಿನ ನಾಲ್ಕನೆಯ ಸಾಲಿನಲ್ಲಿ ಮೊದಲ ತಿಂಗಳು ಎಲ್ಲರೂ ಬರೆಯುವುದು ಒಂದೇ: ಹೆಚ್ಚು ಪ್ರೀತಿಸಬೇಕು, ಹೆಚ್ಚು ಪ್ರಾರ್ಥಿಸಬೇಕು, ಹೆಚ್ಚು ನಂಬಬೇಕು. ಇವನ್ನು ಮಾಡಿದೆವೋ ಇಲ್ಲವೋ ಎಂದು ವಾರದ ಕೊನೆಗೆ ಹೇಳಲು ಯಾರಿಗೂ ಆಗುವುದಿಲ್ಲ. ಯಾರಿಗೆ, ಏನು, ಯಾವ ದಿನದೊಳಗೆ, ಈ ಮೂರೂ ಇರಬೇಕು. ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ವಿರೋಧವಿದ್ದರೂ ಕ್ಷಮಿಸಿರಿ ಎಂದು 11:25ರಲ್ಲಿ ಓದಿದ ವಾರ, ಮಾತುಬಿಟ್ಟ ಅಣ್ಣನಿಗೆ ಶನಿವಾರದೊಳಗೆ ಫೋನ್ ಮಾಡುವುದು ಎಂದು ಬರೆದರೆ ಅದು ಸಾಲು. ಮುಂದಿನ ವಾರ ಕೂಟ ಶುರುವಾಗುವಾಗ ಅದನ್ನು ಕೇಳುತ್ತೇವೆ, ಆಗಲಿಲ್ಲ ಅಂದರೂ ಗದರಿಸುವುದಿಲ್ಲ. ಪ್ರತಿಯೊಂದು ಭಾಗವೂ ಏನಾದರೂ ಮಾಡು ಅನ್ನುವುದಿಲ್ಲ ಅನ್ನುವುದೂ ನೆನಪಿರಬೇಕು. ಬಿರುಗಾಳಿಯಲ್ಲಿ ದೋಣಿಯೊಳಗೆ ನಿದ್ದೆಮಾಡುವ ಯೇಸುವಿನ ಕಥೆಯಿಂದ ಒಂದು ಕರ್ತವ್ಯ ಹಿಂಡಿ ತೆಗೆಯಬೇಕಾಗಿಲ್ಲ. ಈತನು ಯಾರಿರಬಹುದು ಎಂಬ ಶಿಷ್ಯರ ಬೆರಗಿನಲ್ಲೇ ಆ ದಿನ ನಿಲ್ಲಬಹುದು.

ಸುವಾರ್ತೆಯ ಜೊತೆಜೊತೆಗೆ ದಿನಕ್ಕೊಂದು ಕೀರ್ತನೆ, ರಾತ್ರಿ ಮಲಗುವ ಮುಂಚೆ, ಒಂದರಿಂದ ಕ್ರಮವಾಗಿ. 150 ಕೀರ್ತನೆ ಐದು ತಿಂಗಳಿಗೆ ಬರುತ್ತದೆ. 119ನೆಯದು ಮಾತ್ರ 176 ವಚನ. ಎಂಟೆಂಟು ವಚನದ 22 ಭಾಗ ಅದರಲ್ಲೇ ಇವೆ, ದಿನಕ್ಕೊಂದು ಭಾಗ ಸಾಕು. ಆಂಗ್ಲಿಕನ್ ಪ್ರಾರ್ಥನಾ ಕ್ರಮದಲ್ಲಿ ಬೆಳಿಗ್ಗೆ ಸಂಜೆ ಹಂಚಿ 30 ದಿನದಲ್ಲಿ ಕೀರ್ತನೆಗಳನ್ನು ಮುಗಿಸುವ ಹಳೆಯ ಪದ್ಧತಿಯಿದೆ, ರೂಢಿಯಾದ ಮೇಲೆ ಅದನ್ನು ಹಿಡಿಯಬಹುದು. ಕ್ರಮವಾಗಿ ಓದಬೇಕು ಅನ್ನುವುದು ಯಾಕೆಂದರೆ, ಆರಿಸಿಕೊಂಡು ಓದಿದರೆ 23, 91, 121 ಇಷ್ಟರಲ್ಲೇ ಸುತ್ತುತ್ತಿರುತ್ತೇವೆ. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲು ಗೋಳು, ದೂರು. 13ನೆಯದರಲ್ಲಿ ಕೀರ್ತನೆಗಾರ ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತಾನೆ. ಆರೇ ವಚನದ ಈ ಕೀರ್ತನೆ ಪ್ರಾರ್ಥನೆ ಕಲಿಯಲು ಒಳ್ಳೆಯ ಅಚ್ಚು: ಎರಡು ವಚನ ದೂರು, ಎರಡು ಬೇಡಿಕೆ, ಎರಡು ನಂಬಿಕೆ. ತಮ್ಮ ಮಾತಿನಲ್ಲಿ ಅದೇ ಕ್ರಮದಲ್ಲಿ ಮೂರು ವಾಕ್ಯ ಬರೆದು ಪ್ರಾರ್ಥಿಸಿ ಅಂದರೆ, ಕೂಟದಲ್ಲಿ ಬಾಯಿಬಿಡದವರೂ ಬರೆಯುತ್ತಾರೆ. 109ರಂಥ ಶಾಪದ ಕೀರ್ತನೆಗಳನ್ನು ಹಾರಿಸುವುದು ಬೇಡ. ಹೊಟ್ಟೆಯಲ್ಲಿರುವ ಕೋಪವನ್ನು ಅವು ದೇವರ ಮುಂದೆ ಇಡುತ್ತವೆ, ನ್ಯಾಯವನ್ನು ಆತನ ಕೈಗೆ ಬಿಡುತ್ತವೆ. ಆಸ್ತಿ ವ್ಯಾಜ್ಯದಲ್ಲಿರುವ ದಾಯಾದಿಯ ಹೆಸರು ಸೇರಿಸಿ ಅದನ್ನು ಮಂತ್ರದ ಹಾಗೆ ಹೇಳುವುದು ಬೇರೆಯೇ ಕೆಲಸ.

ಬಾಯಿಪಾಠಕ್ಕೆ ವಾರಕ್ಕೆ ಒಂದೇ ವಚನ, ಅದೂ ಓದುತ್ತಿರುವ ಭಾಗದಿಂದಲೇ. ಚೀಟಿಯ ಒಂದು ಬದಿ ವಚನ, ಇನ್ನೊಂದು ಬದಿ ಪುಸ್ತಕ, ಅಧ್ಯಾಯ, ಸಂಖ್ಯೆ. ಹೇಳುವ ಮೊದಲೂ ಹೇಳಿದ ಮೇಲೂ ಸಂಖ್ಯೆ ಹೇಳಬೇಕು, ಇಲ್ಲವಾದರೆ ವಚನ ನೆನಪಿದ್ದು ಜಾಗ ಮರೆಯುತ್ತದೆ. ಮೊದಲ ವಾರ ದಿನವೂ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮಕ್ಕಳ ಸ್ಪರ್ಧೆಯ ಹಾಗೆ ವಾರಕ್ಕೆ ಐದು ವಚನ ಕಲಿತವರಿಗೆ ಮೂರು ತಿಂಗಳ ನಂತರ ಒಂದೂ ಉಳಿದಿರುವುದಿಲ್ಲ.

ಮಾರ್ಕ ಮುಗಿದ ಮೇಲೆ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ. ನಾಲ್ಕು ಅಧ್ಯಾಯ, ಗಟ್ಟಿಯಾಗಿ ಓದಿದರೆ 20 ನಿಮಿಷದೊಳಗೆ ಮುಗಿಯುತ್ತದೆ. ಮೊದಲ ವಾರ ಇಡೀ ಪತ್ರವನ್ನು ದಿನವೂ ಓದುವುದು, ಬೇರೇನೂ ಬರೆಯುವುದಿಲ್ಲ. ಪತ್ರಗಳಲ್ಲಿ ಬಣ್ಣಗಳ ಕೆಲಸ ಬದಲಾಗುತ್ತದೆ. ಆದದರಿಂದ, ಯಾಕಂದರೆ, ಆದರೆ, ಹೀಗಿರಲಾಗಿ ಎಂಬ ಕೊಂಡಿ ಮಾತುಗಳಿಗೆ ಕೆಂಪು ಸುತ್ತು. ಪೌಲನ ವಾದ ನಡೆಯುವುದೇ ಅವುಗಳ ಮೇಲೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ 4:13 ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ಸಿಲ್ ಬಾಕ್ಸಿನ ಮೇಲೂ ಅಂಗಡಿಯ ಗೋಡೆಯ ಮೇಲೂ ಇರುತ್ತದೆ. ಪತ್ರವನ್ನು ಏಳು ದಿನ ಓದಿದವರಿಗೆ, ಇದನ್ನು ಬರೆದವನು ಬೇಡಿಯಲ್ಲಿದ್ದಾನೆ, ಹಿಂದಿನ ವಚನದಲ್ಲಿ ಹಸಿವು ಕೊರತೆಗಳ ಮಾತಾಡುತ್ತಿದ್ದಾನೆ ಅನ್ನುವುದು ಬಿಡಿಸಿ ಹೇಳಬೇಕಾಗುವುದಿಲ್ಲ. ಗೆಲ್ಲುತ್ತೇನೆ ಅಂತಲ್ಲ, ಇಲ್ಲದಿದ್ದರೂ ಬಾಳುತ್ತೇನೆ ಅನ್ನುತ್ತಿದ್ದಾನೆ ಅವನು.

ವಾಗ್ದಾನದ ಕಾರ್ಡಿನಲ್ಲಿ ಹೆಚ್ಚು ಬರುವ, ನಿಮ್ಮ ವಿಷಯದಲ್ಲಿ ನನ್ನದು ಹಿತದ ಯೋಚನೆ ಅನ್ನುವ ಯೆರೆಮೀಯ 29:11ನ್ನೂ ಈ ಹಂತದಲ್ಲಿ ಒಂದು ಸಂಜೆ ಬಿಡಿಸಿ ಓದುತ್ತೇವೆ, 28ನೆಯ ಅಧ್ಯಾಯದ ಮೊದಲ ವಚನದಿಂದ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದ ಜನ, ದೇವಾಲಯದ ಸಾಮಾನು ಎಲ್ಲ ಎರಡು ವರ್ಷದೊಳಗೆ ವಾಪಸು ಬರುತ್ತದೆ ಎಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಸಾರುತ್ತಾನೆ. ಅವನದು ಸುಳ್ಳು ಪ್ರವಾದನೆ, ಅದೇ ವರ್ಷ ಅವನು ಸಾಯುತ್ತಾನೆ. ಆಮೇಲೆ ಯೆರೆಮೀಯನ ಪತ್ರ: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, 70 ವರ್ಷ ತುಂಬಿದ ಮೇಲೆ ನಾನು ಬರುತ್ತೇನೆ. ಹಿತದ ಯೋಚನೆಯ ಮಾತು ಬರುವುದು ಈ 70 ವರ್ಷದ ಬೆನ್ನಿಗೆ. ಪತ್ರ ಕೇಳಿದ ಹಿರಿಯರಲ್ಲಿ ಬಹುಮಂದಿ ಊರು ನೋಡದೆ ಸತ್ತಿರುತ್ತಾರೆ. ನಮಗೆ ಎರಡೂ ವಾಗ್ದಾನಗಳ ಕಾರ್ಡು ಮಾಡಿಕೊಟ್ಟಿದ್ದರೆ ಹನನ್ಯನದೇ ಮೊದಲು ಖರ್ಚಾಗುತ್ತಿತ್ತು. ದಿನಕ್ಕೊಂದು ವಚನ ಎತ್ತುವುದೇ ತಪ್ಪು ಎಂದಲ್ಲ. ಜರ್ಮನಿಯ ಹೆರ್ನ್‌ಹೂಟಿನ ಮೊರೇವಿಯನ್ ಸಭೆ 1731ರಿಂದ ಚೀಟಿ ಎತ್ತಿ ಆರಿಸಿದ ದಿನದ ವಚನಗಳನ್ನು ಅಚ್ಚುಹಾಕುತ್ತಿದೆ. ಆದರೆ ಅವರೂ ಹಳೆಯ ಒಡಂಬಡಿಕೆಯ ಆ ವಚನದ ಪಕ್ಕ ಹೊಸದರ ಒಂದು ವಚನವನ್ನು ಯೋಚಿಸಿ ಜೋಡಿಸುತ್ತಾರೆ. ಸಿಕ್ಕ ವಚನವನ್ನು ಅದರ ಅಧ್ಯಾಯಕ್ಕೆ ಕೊಂಡೊಯ್ದು ಓದಿದರೆ ಕಾರ್ಡೂ ಕೆಲಸಕ್ಕೆ ಬರುತ್ತದೆ.

ದಿನಕ್ಕೊಂದು ಪುಟದ ಧ್ಯಾನ ಪುಸ್ತಕಗಳಿಗೂ ಇದೇ ಮಾತು. ಮೇಲೆ ವಚನ, ನಡುವೆ ಒಂದು ಘಟನೆ, ಕೆಳಗೆ ಪ್ರಾರ್ಥನೆ. ಸಂಜೆ ಕೇಳಿದರೆ ಘಟನೆ ನೆನಪಿರುತ್ತದೆ, ವಚನ ಮರೆತಿರುತ್ತದೆ. ಸತ್ಯವೇದದ ಭಾಗ ಓದಿ, ನಾಲ್ಕು ಸಾಲು ಬರೆದ ಮೇಲೆ ಆ ಪುಟ ತೆರೆಯಿರಿ. ವ್ಯಾಖ್ಯಾನ ಗ್ರಂಥಗಳೂ ಕೊನೆಗೇ.

ಐದಾರು ತಿಂಗಳಿಗೆ ಒಣಗಿದ ಕಾಲ ಒಂದು ಬರುತ್ತದೆ. ಓದಿದ್ದು ಕಾಗದದ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ, ಪ್ರಾರ್ಥನೆ ಸೂರಿಗೆ ತಾಗಿ ಕೆಳಗೆ ಬೀಳುತ್ತದೆ. ಇದು ಹೊಸಬರಿಗೆ ಮಾತ್ರ ಬರುವುದಲ್ಲ. ಅಳತೆ ಕಡಿಮೆ ಮಾಡಿ, ನಿಲ್ಲಿಸಬೇಡಿ: 20 ವಚನದ ಬದಲು ಐದು, ಗಟ್ಟಿಯಾಗಿ. 42 ಮತ್ತು 43ನೆಯ ಕೀರ್ತನೆಗಳನ್ನು ಒಟ್ಟಿಗೆ ಓದಿ. ತನ್ನ ಮನಸ್ಸನ್ನೇ ಎದುರು ಕೂರಿಸಿಕೊಂಡು ಯಾಕೆ ಕುಗ್ಗಿದ್ದೀ ಎಂದು ಅದರಲ್ಲಿ ಮೂರು ಸಲ ಕೇಳುತ್ತಾನೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಕಾರಣ ಕೆಲವೊಮ್ಮೆ ನಿದ್ದೆಗೇಡು, ಕೆಲವೊಮ್ಮೆ ಮುಚ್ಚಿಟ್ಟ ಪಾಪ, ಕೆಲವೊಮ್ಮೆ ಯಾವುದೂ ಅಲ್ಲ. ವಾರಗಟ್ಟಲೆ ಊಟ, ನಿದ್ದೆ, ಕೆಲಸ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಲು ಹೇಳುತ್ತೇವೆ. ಅದನ್ನು ನಂಬಿಕೆಯ ಕೊರತೆ ಎಂದು ಹೇಳಿ ಉಪವಾಸ ಹಾಕಿಸುವುದರಿಂದ ಕೇಡೇ ಹೆಚ್ಚು.

ವರ್ಷ ತುಂಬುವ ಹೊತ್ತಿಗೆ ಕೂಟ ಹನ್ನೆರಡು ದಾಟಿರುತ್ತದೆ, ಆಗ ಎರಡು ಮಾಡಬೇಕು. ಇದಕ್ಕೆ ಮೊದಲಿಂದಲೇ ತಯಾರಿ ಬೇಕು. ಮೂರನೆಯ ತಿಂಗಳಿಂದ ನಡೆಸುವವರ ಜೊತೆ ಇನ್ನೊಬ್ಬರು ಕೂತು ಆ ವಾರದ ಪ್ರಶ್ನೆ ಬರೆಯುತ್ತಾರೆ, ಆರನೆಯ ತಿಂಗಳಿಂದ ಮೂರು ವಾರಕ್ಕೊಮ್ಮೆ ಅವರೇ ನಡೆಸುತ್ತಾರೆ. ಚೆನ್ನಾಗಿ ಮಾತಾಡುವವರನ್ನು ಇದಕ್ಕೆ ಆರಿಸುವುದು ಸಾಮಾನ್ಯ ಎಡವಟ್ಟು. ನಾವು ನೋಡುವುದು ನೋಟ್‌ಬುಕ್ಕಿನ ಎರಡನೆಯ ಸಾಲು ಯಾರದು ತುಂಬಿದೆ ಎಂದು. ಒಡೆದ ಕೂಟಕ್ಕೆ ಹೊಸಬರು ಬಂದಾಗ ಅವರಿಗಾಗಿ ಮತ್ತೆ ಮಾರ್ಕನಿಂದಲೇ ಶುರು. ಹಳಬರು ಎರಡನೆಯ ಸಲ ಓದುವಾಗ ಹೊಸ ಹಾಳೆ ತೆಗೆದುಕೊಳ್ಳುತ್ತಾರೆ, ಹಳೆಯ ಬಣ್ಣದ ಹಾಳೆ ತರುವಂತಿಲ್ಲ.